ಧ್ವನಿ ಪೆಟ್ಟಿಗೆ ಕೊಳ್ಳುವ ಮುನ್ನ

ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಕೊಂಬಿಗೆ ಬಳಿದ ಬಣ್ಣವನ್ನು ನೋಡಿ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದಕ್ಕೂ ಮೊದಲು, ತನ್ನ ಗದ್ದೆ ಎಷ್ಟು, ಕೆಸರು ಎಷ್ಟು ಆಳ ಎಂಬುದನ್ನು ಮನೆಯಲ್ಲಿಯೇ ಲೆಕ್ಕ ಹಾಕಿಕೊಂಡು ಬಂದಿರುತ್ತಾನೆ. ವಿದ್ಯಾವಂತರೆನಿಸಿಕೊಂಡ ನಾವು ಮಾತ್ರ ಯಂತ್ರ ಕೊಳ್ಳುವಾಗ ಮೊದಲು ಬಣ್ಣ, ಆಮೇಲೆ ಬೆಲೆ, ಕಟ್ಟಕಡೆಗೆ, ಅದೂ ಮನೆಗೆ ತಂದ ಮೇಲೆ, ಕೆಲಸ ಎಂದು ವಿಚಾರ ಮಾಡುತ್ತೇವೆ.

ಈ ಮಾತು ನೆನಪಾಗಲು ಕಾರಣವುಂಟು. ನಮ್ಮ ಕಾಲೇಜಿನ ಕೆಲವರು ಮಿತ್ರರು ಸೇರಿ, ಸುತ್ತಣ ಮಲೆನಾಡ ಹಳ್ಳಿಗಳ ಸೋಬಾನೆ ಪದ, ನಾಟಿ ಪದ, ಸುಗ್ಗಿಯ ಹಾಡುಗಳನ್ನು ಧ್ವನಿಮುದ್ರಿಸಬೇಕೆಂದು ಈ ವರ್ಷ ಯೋಚಿಸಿದರು. ಲ್ಯಾಪ್‌ಟಾಪು ಇದ್ದೇ ಇದೆ. ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಇಡತಕ್ಕ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯೊಂದು ಬೇಕು. ಯಾವುದನ್ನು ಕೊಳ್ಳುವುದು? ಅಲ್ಲಿಗೆ ಪ್ರಾರಂಭವಾಯಿತು ಚರ್ಚೆ. ಒಬ್ಬರು ಎಂಟು ಮೈಕು ಸೇರುವ ಪೆಟ್ಟಿಗೆಯೇ ಆಗಬೇಕೆಂದರು. ಇನ್ನೊಬ್ಬರು, ಸೆಕೆಂಡಿಗೆ 1,92,000 ಸಲ ಧ್ವನಿಯನ್ನು ಅಳೆಯುವಂಥದಲ್ಲದೆ ಬೇರೆಯದನ್ನು ಕೈಯಿಂದ ಮುಟ್ಟಲಾರೆನೆಂದರು. ಮತ್ತೊಬ್ಬರು, “ಜೇಬಿನಲ್ಲಿ ಮೊಬೈಲು ಇರುವಾಗ ಪೆಟ್ಟಿಗೆ ಯಾತಕ್ಕೆ?” ಎಂದು ಎದ್ದು ಕಾಫಿ ಕುಡಿಯಲು ಹೋದರು. ನನ್ನ ಅಭಿಪ್ರಾಯವನ್ನು ಅಂದು ಯಾರೂ ಕೇಳಲಿಲ್ಲವಾದುದರಿಂದ ಈ ಸಂಚಿಕೆಯ ಎರಡು ಪುಟಗಳನ್ನು ಎರವಲು ಪಡೆದಿದ್ದೇನೆ.

ಈ ಪೆಟ್ಟಿಗೆಗೆ ಕನ್ನಡದಲ್ಲಿ ಧ್ವನಿ ಪೆಟ್ಟಿಗೆ ಎನ್ನೋಣವೇ? ಧ್ವನಿಪೆಟ್ಟಿಗೆ ಎಂದರೆ ಮನುಷ್ಯನ ಗಂಟಲೊಳಗಿನದು ಎಂದು ಹೈಸ್ಕೂಲಿನ ವಿಜ್ಞಾನ ಪುಸ್ತಕ ಓದಿದವರು ಆಕ್ಷೇಪಿಸಿಯಾರು. ಆಕ್ಷೇಪಣೆ ಸರಿಯಾದುದೇ. ಆದರೆ ಆ ಹೆಸರಿನಲ್ಲಿಯೇ ನನ್ನ ವಾದವೂ ಅಡಗಿದೆ. ಮೇಜಿನ ಮೇಲಿನ ಪೆಟ್ಟಿಗೆ ಇರುವುದು ಗಂಟಲೊಳಗಿನ ಪೆಟ್ಟಿಗೆಗಾಗಿ. ಯಾರ ಗಂಟಲು, ಯಾವ ಮನೆಯಲ್ಲಿ, ಯಾವ ಕಾಲದಲ್ಲಿ ಹಾಡುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳದೆ ಅಂಗಡಿಯ ಮೆಟ್ಟಿಲು ಹತ್ತಬಾರದು. ಈ ಬುದ್ಧಿ ನನಗೆ ಪುಸ್ತಕದಿಂದ ಬಂದುದಲ್ಲ, ಕಳೆದುಕೊಂಡು ಕಲಿತದ್ದು.

ನಮ್ಮೂರು ಹೊಂಗಡಹಳ್ಳ. ಸಕಲೇಶಪುರ ತಾಲ್ಲೂಕಿನಲ್ಲಿ ಘಟ್ಟದ ಸೆರಗಿನಲ್ಲಿರುವ ಊರು. ಅಲ್ಲಿಯ ಮಳೆಯನ್ನು ಬಯಲುಸೀಮೆಯ ಮಿತ್ರರಿಗೆ ವರ್ಣಿಸಿ ಹೇಳುವುದು ಕಷ್ಟ. ಮಳೆಗಾಲದಲ್ಲಿ ಒಂದೇ ಮನೆಯೊಳಗೆ ನಾವು ಕೂಗಿಕೊಂಡೇ ಮಾತನಾಡುತ್ತೇವೆಂದರೆ ಸಾಕು. ನನ್ನ ಅಜ್ಜಿಗೆ ನಾಟಿ ಪದಗಳೂ ಸೋಬಾನೆಗಳೂ ಬಹಳ ಬರುತ್ತಿದ್ದವು. ನಾನು ಪಿ.ಯು.ಸಿ.ಯಲ್ಲಿದ್ದಾಗ, ಅವನ್ನು ಹಿಡಿದಿಡಬೇಕೆಂಬ ಹುಮ್ಮಸ್ಸು ಹುಟ್ಟಿ, ಪಟ್ಟಣದ ಒಂದು ಅಂಗಡಿಯಿಂದ ಹೆಬ್ಬೆಟ್ಟಿನ ಗಾತ್ರದ ಯು.ಎಸ್.ಬಿ. ಸೌಂಡ್ ಕಾರ್ಡೊಂದನ್ನೂ, ಅಂಗಿಗೆ ಸಿಕ್ಕಿಸುವ ಮೈಕೊಂದನ್ನೂ ಕೊಂಡು ತಂದೆ. ಅಂಗಡಿಯವನು ಅದು ಸ್ಟುಡಿಯೋಗಳಲ್ಲಿ ಉಪಯೋಗಿಸುವಂಥದು ಎಂದು ಆಣೆ ಇಟ್ಟು ಹೇಳಿದ್ದ. ಆಷಾಢದ ಒಂದು ಮಧ್ಯಾಹ್ನ, ಸತುವಿನ ತಗಡು ಹೊದೆಸಿದ ಜಗುಲಿಯಲ್ಲಿ ಅಜ್ಜಿಯನ್ನು ಕೂರಿಸಿ, ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪಿಗೆ ಚಾರ್ಜರು ಚುಚ್ಚಿ, ಮಳೆಯ ಸದ್ದಿನಲ್ಲಿ ಧ್ವನಿ ಕೇಳಲಿ ಎಂದು ಗೇನನ್ನು ತುದಿಯವರೆಗೆ ಏರಿಸಿ, ಹಾಡಿಸಿದೆ. ಕಿವಿಗೆ ಹೆಡ್‌ಫೋನು ಹಾಕಿ ಪರೀಕ್ಷಿಸಬೇಕೆಂಬುದು ತಿಳಿದಿರಲಿಲ್ಲ. ಅಜ್ಜಿ ಒಂದು ಗಂಟೆಯ ಕಾಲ ಹಾಡಿದಳು.

ಸಂಜೆ ಹಾಕಿ ಕೇಳಿದೆವು. ತಗಡಿನ ಮೇಲೆ ಮಳೆ; ಮಳೆಯ ಕೆಳಗೆ ಚಾರ್ಜರಿನಿಂದ ಬಂದ ಗುಂಯ್‌ಗುಡುವ ಸದ್ದು; ಅದರ ಕೆಳಗೆಲ್ಲೋ ಅಜ್ಜಿ. ಅವಳು ಸ್ವರ ಎತ್ತಿದ ಕಡೆಗಳಲ್ಲೆಲ್ಲ ಧ್ವನಿ ಹರಿದ ಬಟ್ಟೆಯಂತೆ ಚರಚರ ಎನ್ನುತ್ತಿತ್ತು. ಅಜ್ಜಿ ಕೇಳಿ ನಕ್ಕಳು. “ಮಳೆ ಚೆನ್ನಾಗಿ ಹಾಡೈತೆ ಕಣ್ ಮಗಾ, ನಾನೆಲ್ಲಿ?” ಎಂದಳು. ಬೇಸಗೆಯಲ್ಲಿ ಮತ್ತೆ ಮಾಡೋಣವೆಂದು ಸಮಾಧಾನ ಮಾಡಿಕೊಂಡೆ. ಆ ಬೇಸಗೆಗೆ ಅಜ್ಜಿ ಇರಲಿಲ್ಲ. ಆ ಒಂದು ಗಂಟೆ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಅಜ್ಜಿಯ ಮಾತು ಸ್ಪಷ್ಟವಾಗಿ ತಿಳಿಯುವುದು ಹನ್ನೊಂದು ನಿಮಿಷ ಮಾತ್ರ. ತಪ್ಪಿನಲ್ಲಿ ಅಂಗಡಿಯವನ ಪಾಲು ಕಾಲು; ನನ್ನ ಪಾಲು ಮುಕ್ಕಾಲು.

ಹಾಡಿನ ಸಾಹಿತ್ಯ ಕಾಗದದ ಮೇಲೆ ಉಳಿಯುತ್ತದಲ್ಲಾ ಎಂದು ಯಾರಾದರೂ ಕೇಳಬಹುದು. ಉಳಿಯುತ್ತದೆ. ನಮ್ಮ ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಹಾಡುಗಳು’ ಎಂಬ ಸಂಗ್ರಹವನ್ನು ಪ್ರಕಟಿಸಿ ಮಹೋಪಕಾರ ಮಾಡಿದರು. ಆದರೆ ಪದವನ್ನು ಅಚ್ಚು ಮಾಡಬಹುದೇ ಹೊರತು ಅದರ ಎಳೆತ, ಸೊಲ್ಲು ಎತ್ತಿಕೊಳ್ಳುವ ರೀತಿ, ನಡುವೆ ಉಸಿರು ಬಿಡುವ ಜಾಗ, ಇವುಗಳನ್ನು ಅಚ್ಚು ಮಾಡಲು ಬಾರದು. ಸಕಲೇಶಪುರದ ಎಸ್.ಕೆ. ಕರೀಂಖಾನರು ಜನಪದ ಗೀತೆಗಳನ್ನು ಸಂಗ್ರಹಿಸಿದುದಷ್ಟೇ ಅಲ್ಲದೆ ತಾವೇ ಹಾಡಿ ತೋರಿಸುತ್ತ ‘ಜಾನಪದ ಜಂಗಮ’ರೆನಿಸಿದುದು ಈ ಕಾರಣದಿಂದಲೇ ಇರಬೇಕು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಎಬ್ಬಿಸಿದ ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರನ್ನು ಹಳ್ಳಿಗಳಿಗೆ ಕೊಂಡೊಯ್ದರು. ಅವರ ಟೇಪು ಮಾಡಿದ ಕೆಲಸವನ್ನು ಇಂದು ಲ್ಯಾಪ್‌ಟಾಪೂ ಈ ಪುಟ್ಟ ಪೆಟ್ಟಿಗೆಯೂ ಸೇರಿ ಮಾಡಬಲ್ಲವು.

ಪೆಟ್ಟಿಗೆ ಮಾಡುವ ಕೆಲಸವಾದರೂ ಏನು? ಮೈಕು ಗಾಳಿಯ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಆ ವಿದ್ಯುತ್ತು ಬಹು ಅಲ್ಪ. ವೋಲ್ಟಿನ ಸಾವಿರದ ಒಂದೆರಡು ಪಾಲು. ಪೆಟ್ಟಿಗೆ ಅದನ್ನು ಮೊದಲು ಹಿಗ್ಗಿಸುತ್ತದೆ. ಇದಕ್ಕೆ ಗೇನ್ ಎಂದು ಹೆಸರು. ಅನಂತರ ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಲ್ಯಾಪ್‌ಟಾಪಿನಲ್ಲಿಯೇ ಒಂದು ಮೈಕಿನ ಕಿಂಡಿ ಇರುವುದು ನಿಜ. ಅದು ದೂರವಾಣಿಯ ಮಾತುಕತೆಗಾಗಿ ಇಟ್ಟದ್ದು. ಯಂತ್ರದ ಒಳಗಿನ ಗದ್ದಲವೆಲ್ಲ ಅದರ ನೆರೆಮನೆಯಲ್ಲೇ ವಾಸವಾಗಿರುತ್ತದೆ. ಆದುದರಿಂದಲೇ ಈ ಕೆಲಸವನ್ನು ಹೊರಗಿನ ಪೆಟ್ಟಿಗೆಯೊಂದಕ್ಕೆ ಒಪ್ಪಿಸುವುದು.

ಹಾಗಾದರೆ ಕೊಳ್ಳುವಾಗ ನೋಡತಕ್ಕ ಹಲ್ಲು, ಸುಳಿಗಳು ಯಾವುವು?

ಮೊದಲನೆಯದು ಗೇನು. ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕಂಡೆನ್ಸರ್ ಎಂಬುದು ಸೂಕ್ಷ್ಮವಾದುದು. ಅದಕ್ಕೆ ಪೆಟ್ಟಿಗೆಯೇ 48 ವೋಲ್ಟಿನ ವಿದ್ಯುತ್ತನ್ನು ಉಣಿಸಬೇಕು. ಅದು ಹಾಡನ್ನು ಹಿಡಿಯುವಂತೆಯೇ ಹಿತ್ತಲಿನ ಕೋಳಿ, ಪಕ್ಕದ ಮನೆಯ ಮಿಕ್ಸಿ, ಹೆಂಚಿನ ಮೇಲಿನ ಹನಿಗಳನ್ನೂ ಭಕ್ತಿಯಿಂದ ಹಿಡಿಯುತ್ತದೆ. ಡೈನಮಿಕ್ ಎಂಬುದು ಒರಟು. ಹತ್ತಿರದ್ದನ್ನು ಕೇಳಿ ದೂರದ್ದನ್ನು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಗೋಡೆಗೆ ಮೆತ್ತೆ ಹೊಡೆದ ಕೋಣೆ ನಮ್ಮ ಮನೆಗಳಲ್ಲಿ ಎಲ್ಲಿಂದ ಬರಬೇಕು? ನಮಗೆ ಒರಟನೇ ಲೇಸು. ಆದರೆ ಒರಟನು ಕೊಡುವ ವಿದ್ಯುತ್ತು ತೀರ ಕಡಿಮೆಯಾದುದರಿಂದ ಪೆಟ್ಟಿಗೆಗೆ ಅದನ್ನು ಹಿಗ್ಗಿಸುವ ಶಕ್ತಿ ಇರಬೇಕು. ಮೆಲುದನಿಯ ಮುದುಕಿಯೊಬ್ಬಳಿಗೆ 50ರಿಂದ 60 ಡೆಸಿಬೆಲ್ ಗೇನು ಬೇಕಾದೀತು; 60 ಡೆಸಿಬೆಲ್ ಎಂದರೆ ವೋಲ್ಟೇಜನ್ನು ಸಾವಿರ ಪಟ್ಟು ಹಿಗ್ಗಿಸುವುದು. ಅಗ್ಗದ ಪೆಟ್ಟಿಗೆಗಳು ತಿರುಪನ್ನು ತುದಿಗೆ ತಿರುಗಿಸಿದಾಗ ಹಾಡಿನ ಜತೆಗೆ ಹಾವಿನಂತೆ ಬುಸುಗುಟ್ಟುತ್ತವೆ. ಅಂಗಡಿಯಲ್ಲಿಯೇ ಮೈಕು ಚುಚ್ಚಿ, ತಿರುಪು ಏರಿಸಿ, ಬಾಯಿ ಮುಚ್ಚಿಕೊಂಡು ಹೆಡ್‌ಫೋನಿನಲ್ಲಿ ಆಲಿಸಿರಿ. ಆ ಮೌನವೇ ಪೆಟ್ಟಿಗೆಯ ಹಲ್ಲು.

ಎರಡನೆಯದು ಕಿಂಡಿಗಳ ಸಂಖ್ಯೆ. ಸೋಬಾನೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಮುಂದಾಳಿಗೆ ಒಂದು ಮೈಕು, ಹಿಂದಿನವರಿಗೆಲ್ಲ ಸೇರಿ ಒಂದು, ಎರಡಕ್ಕೆ ಮುಗಿಯಿತು. ಎಂಟು ಕಿಂಡಿಯ ಪೆಟ್ಟಿಗೆ ಬೇಕೆನ್ನುವವರು ಎಂಟು ಮೈಕು, ಎಂಟು ಕೋಲು, ಎಂಟು ಮಾರು ತಂತಿಗಳನ್ನು ಹೆಗಲ ಮೇಲೆ ಹೊತ್ತು ಏಲಕ್ಕಿ ತೋಟದ ದಾರಿಯಲ್ಲಿ ಒಮ್ಮೆ ನಡೆದು ನೋಡಬೇಕು. ಜಿಗಣೆಗಳೇ ಅವರಿಗೆ ಮಿತವ್ಯಯವನ್ನು ಕಲಿಸುತ್ತವೆ.

ಮೂರನೆಯದು ಅನ್ನದ ಮಾತು. ಪೆಟ್ಟಿಗೆಗೆ ಬೇರೆ ಅಡಾಪ್ಟರು ಬೇಕೋ, ಲ್ಯಾಪ್‌ಟಾಪಿನಿಂದಲೇ ವಿದ್ಯುತ್ತು ಸಾಕೋ? ಹಳೆಯ ಲ್ಯಾಪ್‌ಟಾಪಿನ ಯು.ಎಸ್.ಬಿ. 2.0 ಕಿಂಡಿ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವಾಟ್ ಮಾತ್ರ ಕೊಡುತ್ತದೆ. ಅಷ್ಟರಲ್ಲಿ ಬದುಕುವ ಪೆಟ್ಟಿಗೆಯೇ ಮಲೆನಾಡಿಗೆ ತಕ್ಕದ್ದು. ಇಲ್ಲಿ ಒಂದು ರಹಸ್ಯವನ್ನು ಹೇಳಿಬಿಡುತ್ತೇನೆ. ಕರೆಂಟು ಹೋಯಿತೆಂದು ನಾವೆಲ್ಲ ಶಪಿಸುತ್ತೇವಷ್ಟೆ? ಧ್ವನಿಮುದ್ರಣಕ್ಕೆ ಅದಕ್ಕಿಂತ ಶುಭ ಮುಹೂರ್ತವಿಲ್ಲ. ಫ್ರಿಜ್ಜು ಸುಮ್ಮನಾಗುತ್ತದೆ, ಫ್ಯಾನು ಸುಮ್ಮನಾಗುತ್ತದೆ, ಟಿ.ವಿ. ಸುಮ್ಮನಾಗುತ್ತದೆ. ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ, ವಿದ್ಯುತ್ ತಂತಿಯ 50 ಹರ್ಟ್ಸಿನ ಗುಂಯ್‌ಕಾರವೂ ಬಹುಮಟ್ಟಿಗೆ ಅಡಗುತ್ತದೆ. ಅಜ್ಜಿಯ ದಿನ ನಾನು ಚಾರ್ಜರನ್ನು ಕಿತ್ತಿದ್ದರೆ ಕಾಲುಭಾಗ ಕಷ್ಟ ತಪ್ಪುತ್ತಿತ್ತು.

ನಾಲ್ಕನೆಯದು ಡ್ರೈವರ್. ಕೆಲವು ಪೆಟ್ಟಿಗೆಗಳು ಚುಚ್ಚಿದೊಡನೆ ಕೆಲಸ ಮಾಡುತ್ತವೆ; ಕೆಲವು ತಮ್ಮದೇ ತಂತ್ರಾಂಶವನ್ನು ಇಳಿಸಿಕೊಳ್ಳುವವರೆಗೆ ಮುನಿಸಿಕೊಂಡು ಕೂರುತ್ತವೆ. ಇಂಟರ್‌ನೆಟ್ಟಿಗಾಗಿ ಗುಡ್ಡ ಹತ್ತಬೇಕಾದ ಊರಿನಲ್ಲಿ ಮುನಿಸಿನ ಪೆಟ್ಟಿಗೆಯನ್ನು ರಮಿಸುವುದು ಹೇಗೆ? ಮೊದಲ ಜಾತಿಯದನ್ನೇ ಕೊಳ್ಳಬೇಕು. ಎರಡನೆಯದಾದರೆ ಪಟ್ಟಣದಲ್ಲಿಯೇ ಎಲ್ಲವನ್ನೂ ಸಿದ್ಧಪಡಿಸಿಕೊಂಡು ಬಸ್ಸು ಹತ್ತಬೇಕು.

ಐದನೆಯದು ಹೆಡ್‌ಫೋನಿನ ಕಿಂಡಿ ಮತ್ತು ಮಟ್ಟ ತೋರಿಸುವ ದೀಪ. ಧ್ವನಿ ಮಿತಿಮೀರಿದರೆ ಅದರ ತಲೆ ಕತ್ತರಿಸಿಹೋಗುತ್ತದೆ. ಕತ್ತರಿಸಿದ್ದನ್ನು ಪೂರ್ತಿಯಾಗಿ ಮರಳಿ ಬೆಳೆಸುವ ವಿದ್ಯೆ ಯಾರಲ್ಲಿಯೂ ಇಲ್ಲ. ದೀಪ ಕೆಂಪಾಗಬಾರದು. ಅತಿ ಎತ್ತರದ ಸ್ವರವೂ ಮಿತಿಗಿಂತ 12 ಡೆಸಿಬೆಲ್ ಕೆಳಗೇ ಇರುವಂತೆ ಗೇನನ್ನು ಇಳಿಸಿಟ್ಟುಕೊಂಡರೆ ಕ್ಷೇಮ. ಹಾಡುಗಾರರು ಸೊಲ್ಲು ಏರಿಸುವಾಗ ನಮ್ಮ ಅಪ್ಪಣೆ ಕೇಳುವುದಿಲ್ಲ. ಇತ್ತೀಚೆಗೆ ಈ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುವ ಪೆಟ್ಟಿಗೆಗಳೂ ಬಂದಿವೆ. ಹೊಸಬರಿಗೆ ಅದೊಂದು ಉಪಕಾರವೇ ಸರಿ.

ಆರನೆಯದು ಲೈನ್ ಎಂಬ ಕಿಂಡಿ. ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ 1980 ಮತ್ತು 90ರ ದಶಕಗಳ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುತ್ತ ಬಿದ್ದಿವೆ. ಮದುವೆಯ ಸೋಬಾನೆ, ಸುಗ್ಗಿಯ ಕುಣಿತ, ಸತ್ತವರ ಮಾತು, ಎಲ್ಲವೂ ಅವುಗಳಲ್ಲಿದೆ. ಕ್ಯಾಸೆಟ್ ಪ್ಲೇಯರಿನಿಂದ ಬರುವ ವಿದ್ಯುತ್ತು ಮೈಕಿಗಿಂತ ನೂರಾರು ಪಟ್ಟು ಹೆಚ್ಚು. ಅದನ್ನು ಮೈಕಿನ ದಾರಿಯಲ್ಲಿ ತುರುಕಿದರೆ ಕರ್ಕಶವಾಗುತ್ತದೆ. ಲೈನಿನ ದಾರಿಯಲ್ಲಿ ಬಿಟ್ಟರೆ ಸುಖವಾಗಿ ಇಳಿಯುತ್ತದೆ. ಪ್ಲೇಯರಿನ ಎಡ ಬಲ ಎರಡೂ ಇಳಿಯಬೇಕಾದುದರಿಂದ ಲೈನಿನ ಕಿಂಡಿಯೂ ಎರಡಿರಲಿ.

ಇನ್ನು 1,92,000ದ ಮಿತ್ರರಿಗೆ ಒಂದು ಮಾತು. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸಿನವರೆಗೆ ಕೇಳುತ್ತದೆ. ಒಂದು ಕಂಪನವನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕೆಂಬುದು ಶಾಸ್ತ್ರ. 1982ರಲ್ಲಿ ಬಂದ ಸಿ.ಡಿ. 44,100 ಸಲ ಅಳೆದು ತೃಪ್ತಿಪಟ್ಟಿತು. ಧ್ವನಿ ದಾಖಲೆಗಳನ್ನು ಕಾಪಾಡುವವರ ಅಂತರರಾಷ್ಟ್ರೀಯ ಸಂಘವು ಹಳೆಯ ಟೇಪುಗಳನ್ನು ಅಂಕಿಗಿಳಿಸುವಾಗ ಕನಿಷ್ಠ 48,000 ಸಲ, 24 ಬಿಟ್ಟು ಇರಲಿ, 96,000 ಆದರೆ ಮೇಲು ಎನ್ನುತ್ತದೆ. 16 ಬಿಟ್ಟಿನಲ್ಲಿ ಅಳತೆಯ ಮೆಟ್ಟಿಲುಗಳು 65,536. 24 ಬಿಟ್ಟಿನಲ್ಲಿ 1,67,77,216. ಮಟ್ಟವನ್ನು ತಗ್ಗಿಸಿಟ್ಟುಕೊಂಡರೂ ನಷ್ಟವಾಗದಿರುವುದು ಈ ಮೆಟ್ಟಿಲುಗಳ ಪುಣ್ಯದಿಂದ. 48,000 ಮತ್ತು 24 ಬಿಟ್ಟಿನಲ್ಲಿ ಒಂದು ಮೈಕಿನ ಒಂದು ಗಂಟೆಯ ಹಾಡಿಗೆ ಸುಮಾರು 520 ಮೆಗಾಬೈಟ್ ಜಾಗ ಸಾಕು. ಅದಕ್ಕೂ ಮೇಲಿನ ಅಂಕಿ ನಮ್ಮ ಕೆಲಸಕ್ಕೆ ಕೊಂಬಿನ ಬಣ್ಣವಷ್ಟೆ.

ಮೊಬೈಲಿನ ಮಿತ್ರರ ಮಾತನ್ನು ತಳ್ಳಿಹಾಕಲಾರೆ. ಏನೂ ಇಲ್ಲದಿರುವಲ್ಲಿ ಮೊಬೈಲೇ ಮಹಾಪ್ರಸಾದ. ನಾಳೆ ಎಂದು ಕಾಯುವುದಕ್ಕಿಂತ ಇಂದು ಅದರಲ್ಲೇ ಹಿಡಿಯುವುದು ಉತ್ತಮ. ಸೆಲ್ಲಿನಿಂದ ನಡೆಯುವ ಕೈ ರೆಕಾರ್ಡರುಗಳೂ ಇವೆ. ಗದ್ದೆಯ ಬದುವಿನ ಮೇಲೆ ಅವು ಲ್ಯಾಪ್‌ಟಾಪಿಗಿಂತ ಅನುಕೂಲ. ಆದರೆ ಒಳ್ಳೆಯ ಮೈಕುಗಳೆರಡನ್ನು ಬೇರೆ ಬೇರೆಯಾಗಿ ಹಿಡಿಯುವುದು, ಕ್ಯಾಸೆಟ್ಟನ್ನು ಇಳಿಸುವುದು, ಕೋಣೆಯಲ್ಲಿ ಕೂತು ಭಾಷಣ ನಾಟಕಗಳನ್ನು ಮುದ್ರಿಸುವುದು, ಇಷ್ಟನ್ನೂ ಒಂದೇ ವಸ್ತು ಮಾಡಬೇಕಾದರೆ, ಇರುವ ಲ್ಯಾಪ್‌ಟಾಪಿಗೆ ಈ ಪೆಟ್ಟಿಗೆಯನ್ನು ಜೋಡಿಸುವುದೇ ಕಾಲೇಜಿಗೆ ಲಾಭ.

ಹೆಸರುಗಳನ್ನು ಹೇಳೆಂದರೆ, ಫೋಕಸ್‌ರೈಟ್ ಸ್ಕಾರ್ಲೆಟ್ ಟೂ ಐ ಟೂ, ಬೆರಿಂಜರ್ ಯು.ಎಂ.ಸಿ. 202 ಎಚ್.ಡಿ., ಆಡಿಯೆಂಟ್ ಈವೋ 4, ಮೋಟು ಎಂ 2 ಇವೆಲ್ಲ ಎರಡು ಮೈಕಿನ ಪೆಟ್ಟಿಗೆಗಳೇ. ಬೆರಿಂಜರ್ ಕಡಿಮೆ ಹಣದವರಿಗೆ. ಮೋಟು ಎಂ 2ರಲ್ಲಿ ಮಟ್ಟ ತೋರಿಸುವ ಪುಟ್ಟ ಪರದೆ ಇದೆ. ಈವೋ 4 ಮತ್ತು 2023ರ ಸ್ಕಾರ್ಲೆಟ್ ಟೂ ಐ ಟೂ ಗೇನನ್ನು ತಾವೇ ಹೊಂದಿಸಿಕೊಳ್ಳಬಲ್ಲವು. ಇವುಗಳ ಪೈಕಿ ಯಾವುದನ್ನು ಕೊಂಡರೂ ಕಿವಿಗೆ ಬೀಳುವ ವ್ಯತ್ಯಾಸ ಅಲ್ಪ. ಮೈಕನ್ನು ನಾಲ್ಕು ಅಡಿ ದೂರದಿಂದ ಒಂದು ಅಡಿಗೆ ತಂದರೆ ಆಗುವ ವ್ಯತ್ಯಾಸ 12 ಡೆಸಿಬೆಲ್; ಅಷ್ಟು ಲಾಭವನ್ನು ಯಾವ ದುಬಾರಿ ಪೆಟ್ಟಿಗೆಯೂ ತಂದುಕೊಡಲಾರದು. ಆದುದರಿಂದ ಪೆಟ್ಟಿಗೆಗೆ ಸಾಧಾರಣವಾದುದನ್ನು ಕೊಂಡು, ಉಳಿದ ಹಣವನ್ನು ಮೈಕು, ಗಟ್ಟಿ ತಂತಿ, ಕಿವಿ ಮುಚ್ಚುವ ಹೆಡ್‌ಫೋನುಗಳಿಗೆ ಹಾಕಬೇಕು. ತಂಡದಲ್ಲಿ ಒಬ್ಬರು, ಹಾಡು ಮುಗಿಯುವವರೆಗೆ, ಬೇರೇನೂ ಮಾಡದೆ ಕೇಳುತ್ತ ಕೂರಬೇಕು.

ನನ್ನ ಮುಖ್ಯ ಸೂಚನೆ ಇನ್ನೊಂದಿದೆ. ಈ ಪೆಟ್ಟಿಗೆ ಯಾವ ವಿಭಾಗದ ಬೀರುವಿನಲ್ಲಿಯೂ ಬೀಗ ಹಾಕಿಸಿಕೊಂಡು ಕೂರಬಾರದು. ಗ್ರಂಥಾಲಯದ ಪುಸ್ತಕದಂತೆ ಸಹಿ ಮಾಡಿ ಎರವಲು ಕೊಂಡೊಯ್ಯುವ ವಸ್ತುವಾಗಬೇಕು. ದಸರೆಯ ರಜದಲ್ಲಿ ಆಲೂರಿನವರೊಬ್ಬರು, ಬೇಸಗೆಯ ರಜದಲ್ಲಿ ಹೊಂಗಡಹಳ್ಳದವರೊಬ್ಬರು ಕೊಂಡೊಯ್ಯಲಿ. ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ದಿನಾಂಕಗಳನ್ನು ಬರೆದು, ಒಂದು ಪ್ರತಿಯನ್ನು ಕಾಲೇಜಿನಲ್ಲಿಯೂ ಒಂದನ್ನು ಬೇರೊಂದು ಡಿಸ್ಕಿನಲ್ಲಿಯೂ ಇಡಲಿ. ಮತ್ತೊಂದನ್ನು ಹಾಡಿದ ಮನೆಗೆ ತಪ್ಪದೆ ಮುಟ್ಟಿಸಲಿ. ಹಾಡು ಆ ಮನೆಯದು. ನಾವು ಅದನ್ನು ಹೊತ್ತವರು ಮಾತ್ರ.

ಇದೆಲ್ಲ ದೊಡ್ಡ ಸಂಸ್ಥೆಗಳ ಕೆಲಸವಲ್ಲವೇ ಎಂದು ಹಿಂಜರಿಯುವವರಿಗೆ ಒಂದು ಸಂಗತಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವೊಂದನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಹೊತ್ತದ್ದು ಆ ಮನೆಯ ನಿಲಯವೇ. ಅಧ್ಯಾಪಕರೊಬ್ಬರು ಮನೆಯಿಂದ ಬಾನುಲಿಯನ್ನೇ ನಡೆಸಬಹುದಾದರೆ, ಒಂದು ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಅಂಗೈಯಗಲದ ಪೆಟ್ಟಿಗೆಯಿಂದ ತಮ್ಮ ತಾಲ್ಲೂಕಿನ ಹಾಡುಗಳನ್ನು ಉಳಿಸಲಾರರೇ?

ಪೆಟ್ಟಿಗೆ ಬರುವುದು ತಡವಾಗಬಹುದು. ಅಂಗಡಿಗಳಲ್ಲಿ ಅವಕ್ಕೇನೂ ಬರವಿಲ್ಲ. ಹಾಡುವವರಿಗೆ ಮಾತ್ರ ವಯಸ್ಸಾಗುತ್ತಿದೆ. ನಿಮ್ಮ ಮನೆಯಲ್ಲಿ ಹಾಡಬಲ್ಲ ಅಜ್ಜಿಯೋ ತಾತನೋ ಇದ್ದರೆ ಈ ರಜದಲ್ಲಿಯೇ, ಮಳೆ ಹಿಡಿಯುವ ಮುನ್ನ, ಒಳಕೋಣೆಯಲ್ಲಿ ಕೂರಿಸಿ, ಮೈಕನ್ನು ಒಂದು ಗೇಣು ದೂರದಲ್ಲಿಟ್ಟು, ಚಾರ್ಜರು ಕಿತ್ತು, ಹಾಡಿಸಿರಿ. ನನ್ನ ಹನ್ನೊಂದು ನಿಮಿಷಗಳ ಕಥೆಯಿಂದ ಒಬ್ಬ ಮಿತ್ರನಿಗಾದರೂ ಪೂರ್ತಿ ಒಂದು ಗಂಟೆ ದಕ್ಕಿದರೆ ಈ ಬರಹ ಸಾರ್ಥಕ.

— ಹೊಂಗಡಹಳ್ಳದ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.